ಜಾರುಬಂಡಿಯ ನಾಯಿ

ನಾಯಿಯೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಬಾಗಿಲು ಕಾಯುವ, ಹಿಂಡು ಕಾಯುವ, ಇಲ್ಲವೆ ಬೇಟೆಗೆ ಹೋಗುವ ಪ್ರಾಣಿ. ಎತ್ತಿನಂತೆ ಬಂಡಿಗೆ ಹೂಡಿಸಿಕೊಂಡು, ಒಂದು ಜನಾಂಗದ ಸಂಸಾರವನ್ನೇ ಎಳೆದು ತಂದ ನಾಯಿಗಳೂ ಉಂಟೆಂಬುದು ನಮಗೆ ಸುಲಭವಾಗಿ ಅನುಭವಕ್ಕೆ ಬರುವ ಮಾತಲ್ಲ. ನಾನು ಹಿಮಪ್ರದೇಶವನ್ನು ಕಣ್ಣಾರೆ ಕಂಡವನಲ್ಲ; ಧ್ರುವಯಾತ್ರೆಯ ಪುಸ್ತಕಗಳನ್ನು ಓದುವ ಗೀಳು ಮಾತ್ರ ಬಾಲ್ಯದಿಂದಲೂ ನನಗುಂಟು. ಎಳೆಯ ವಯಸ್ಸಿನಲ್ಲಿ ನನ್ನ ಮನಸ್ಸೆಲ್ಲವೂ ಯಾತ್ರಿಕರ ಸಾಹಸದಲ್ಲಿಯೇ ನಟ್ಟಿರುತ್ತಿದ್ದಿತು. ವಯಸ್ಸು ಕಳೆದಂತೆ, ಬಂಡಿಯನ್ನು ನಡೆಸಿದವರಿಗಿಂತ ಅದನ್ನು ಎಳೆದ ಪ್ರಾಣಿಗಳ ಮೇಲೆ ಅಕ್ಕರೆ ಹೆಚ್ಚಿತು. 1911ನೆಯ ಡಿಸೆಂಬರ್ 14ರಂದು ಅಮುಂಡ್ಸೆನ್ನನು ದಕ್ಷಿಣ ಧ್ರುವವನ್ನು ಮುಟ್ಟಿದುದು ಗ್ರೀನ್‌ಲೆಂಡಿನ ನಾಯಿಗಳ ಬಲದಿಂದ. ಹೊರಟಾಗ ಅವು 52. ಬೀಡಿಗೆ ಹಿಂದಿರುಗಿದುವು 11. ಉಳಿದವುಗಳಲ್ಲಿ ಬಹುಪಾಲು ದಾರಿಯಲ್ಲಿಯೇ ಕೊಲ್ಲಲ್ಪಟ್ಟು, ಜೊತೆಯ ನಾಯಿಗಳಿಗೂ ಮನುಷ್ಯರಿಗೂ ಆಹಾರವಾದುವು.

ಗ್ರೀನ್‌ಲೆಂಡಿನ ಜನರು ಈ ನಾಯಿಯನ್ನು ‘ಕಿಮ್ಮೆಕ್’ ಎಂದು ಕರೆಯುವರು. ಸುಮಾರು ಸಾವಿರ ವರ್ಷಗಳ ಹಿಂದೆ ಇನುಯಿತ್ ಜನರ ಪೂರ್ವಿಕರು ಅಲಾಸ್ಕದ ಕಡೆಯಿಂದ ಪೂರ್ವಕ್ಕೆ ಹರಡಿದಾಗ ಇವು ಅವರೊಡನೆ ಬಂದುವು. ಕುಲದ ಬೇರು ಇನ್ನೂ ಹಳೆಯದು. ಸೈಬೀರಿಯದ ಉತ್ತರಕ್ಕಿರುವ ಝೋಖೊವ್ ದ್ವೀಪದಲ್ಲಿ ದೊರೆತ 9,500 ವರ್ಷಗಳ ಹಿಂದಿನ ನಾಯಿಯೊಂದರ ಅವಶೇಷವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇಂದಿನ ಜಾರುಬಂಡಿಯ ನಾಯಿಗಳು ಅದಕ್ಕೆ ಹತ್ತಿರದ ಬಂಧುಗಳೆಂದು 2020ರಲ್ಲಿ ಪ್ರಕಟಿಸಿದರು. ಬೇಸಾಯಗಾರರ ಮನೆಯ ನಾಯಿಗಳು ಅನ್ನ ರೊಟ್ಟಿಗಳನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಕಾಲಕ್ರಮದಲ್ಲಿ ಪಡೆದುವು. ಇವಾದರೋ ಸೀಲ್ ಮೊದಲಾದ ಕಡಲಪ್ರಾಣಿಗಳ ಕೊಬ್ಬಿನಿಂದಲೇ ಬಾಳುವುದಕ್ಕೆ ಒಗ್ಗಿದುವು.

ಇವುಗಳನ್ನು ಹೂಡುವ ಕ್ರಮವೂ ಆ ನೆಲಕ್ಕೆ ತಕ್ಕುದು. ಕಾಡಿನ ನಾಡುಗಳಲ್ಲಿ ಮರಗಳ ನಡುವೆ ನುಸುಳಬೇಕಾದುದರಿಂದ ನಾಯಿಗಳನ್ನು ಒಂದರ ಹಿಂದೊಂದರಂತೆ, ಇಲ್ಲವೆ ಜೋಡಿಜೋಡಿಯಾಗಿ ಕಟ್ಟುವರು. ಗ್ರೀನ್‌ಲೆಂಡಿನ ಬಯಲಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಹಗ್ಗ. ಓಡುವಾಗ ಅವು ಬೀಸಣಿಗೆಯಂತೆ ಹರಡಿಕೊಳ್ಳುವುವು. ಕಡಲ ಮೇಲಣ ಗಡ್ಡೆ ಬಿರಿದು ಒಂದು ನಾಯಿ ನೀರಿಗೆ ಬಿದ್ದರೂ ಉಳಿದವುಗಳು ಅದರೊಡನೆ ಮುಳುಗಬೇಕಾಗಿಲ್ಲ. ಹೀಗೆ ಹಗ್ಗದ ಒಂದೊಂದು ಗಂಟಿನ ಹಿಂದೆಯೂ ತಲೆಮಾರುಗಳ ವಿವೇಕವಿರುವುದು.

ಇಂತಹ ಕುಲಕ್ಕೆ ಈಗ ಕ್ಷಯ ತಟ್ಟಿದೆ. 2002ರಲ್ಲಿ ಗ್ರೀನ್‌ಲೆಂಡಿನಲ್ಲಿ ಸುಮಾರು 25,000 ಇದ್ದ ನಾಯಿಗಳು 2020ರ ಹೊತ್ತಿಗೆ ಸುಮಾರು 13,000ಕ್ಕೆ ಇಳಿದುವು. ಮೋಟಾರಿನ ಜಾರುಬಂಡಿ ಬಂದಿತು; ಕಡಲು ಹೆಪ್ಪುಗಟ್ಟುವ ಕಾಲ ಕಿರಿದಾಯಿತು; ಮೇವಿನ ವೆಚ್ಚ ಏರಿತು; ರೋಗಗಳೂ ಬಡಿದುವು. ನೆರೆಯ ಕೆನಡದಲ್ಲಿ ಇದರ ಸೋದರಕುಲದ ಕಥೆ ಇನ್ನೂ ದಾರುಣ. 1920ರ ದಶಕದಲ್ಲಿ ಅಲ್ಲಿ ಸುಮಾರು 20,000 ಇದ್ದುವು. 1970ರ ವೇಳೆಗೆ ಶುದ್ಧ ಸಂತತಿಯವು 200ಕ್ಕಿಂತ ಕಡಮೆ. 1950ರಿಂದ ಮುಂದಿನ ಎರಡು ದಶಕಗಳಲ್ಲಿ ಪೋಲೀಸರೂ ಇತರ ಅಧಿಕಾರಿಗಳೂ ಇನುಯಿತ್ ಜನರ ನಾಯಿಗಳನ್ನು ಗುಂಡಿಟ್ಟು ಕೊಂದುದನ್ನು ಕಿಕಿಕ್ತಾನಿ ಸತ್ಯಶೋಧನ ಆಯೋಗವು 2010ರಲ್ಲಿ ವಿವರವಾಗಿ ದಾಖಲಿಸಿತು; 2019ರಲ್ಲಿ ಕೆನಡದ ಸರಕಾರವು ಕ್ಷಮೆ ಬೇಡಿತು. ನಾಯಿ ಹೋದರೆ ಬೇಟೆ ಹೋಯಿತು. ಬೇಟೆ ಹೋದರೆ ಮನೆಯ ಹಿರಿಯನ ಮಾತಿನ ತೂಕವೂ ಹೋಯಿತು.

ರಕ್ಷಣೆಯ ಪ್ರಯತ್ನಗಳು ನಡೆಯದೆ ಇಲ್ಲ. 1970ರ ದಶಕದಲ್ಲಿ ವಿಲಿಯಂ ಕಾರ್ಪೆಂಟರ್ ಮೊದಲಾದವರು ದೂರದ ಬೀಡುಗಳಿಂದ ಒಳ್ಳೆಯ ನಾಯಿಗಳನ್ನು ಆರಿಸಿ ತಂದು, ಯೆಲೋನೈಫ್ ಪಟ್ಟಣದಲ್ಲಿ ಕೆನಡದ ಕುಲವನ್ನು ಮತ್ತೆ ಬೆಳಸಿದರು. ಗ್ರೀನ್‌ಲೆಂಡಿನಲ್ಲಿ ಕಾನೂನಿನದೇ ಬೇಲಿ: ಪಶ್ಚಿಮ ತೀರದಲ್ಲಿ ಆರ್ಕ್ಟಿಕ್ ವೃತ್ತದ ಉತ್ತರಕ್ಕೂ ಪೂರ್ವ ತೀರದಲ್ಲೆಲ್ಲಾ ಈ ನಾಯಿಗಳ ಸೀಮೆ, ಅಲ್ಲಿಗೆ ಬೇರೆ ಜಾತಿಯ ನಾಯಿಗಳನ್ನು ತರುವಂತಿಲ್ಲ, ಸೀಮೆ ಬಿಟ್ಟು ಹೋದ ನಾಯಿ ಮರಳಿ ಬರುವಂತಿಲ್ಲ.

ಇದನ್ನೆಲ್ಲಾ ಮಿತ್ರರೊಬ್ಬರಿಗೆ ಹೇಳಿದಾಗ ಅವರು, “ಕೆಲಸ ತೀರಿದ ಮೇಲೆ ಕೆಲಸಗಾರನನ್ನು ಉಳಿಸಿಕೊಳ್ಳುವುದೇಕೆ? ಬೇಕೆಂದರೆ ಹತ್ತಾರನ್ನು ಮೃಗಾಲಯದಲ್ಲಿ ಸಾಕಿದರಾಯಿತು” ಎಂದರು. ಆ ಮಾತು ಬಹಳ ದಿನ ನನ್ನನ್ನು ಕಾಡಿತು. ಈ ನಾಯಿಯ ಕಾಲು, ತುಪ್ಪುಳು, ಕೆಚ್ಚುಗಳನ್ನು ಆರಿಸಿದವನು ಪ್ರದರ್ಶನದ ತೀರ್ಪುಗಾರನಲ್ಲ. ಚಳಿ, ಹಸಿವು ಮತ್ತು ಭಾರಗಳು. ಎಳೆಯಲಾರದುದು ಉಳಿಯಲಿಲ್ಲ. ಆ ಪರೀಕ್ಷೆಯನ್ನು ತೆಗೆದು, ಬಣ್ಣವನ್ನೂ ಕಿವಿಯ ಅಂದವನ್ನೂ ನೋಡಿ ಆರಿಸತೊಡಗಿದರೆ, ಕೆಲವು ತಲೆಮಾರುಗಳಲ್ಲಿ ಹೆಸರು ಹಾಗೆಯೇ ಇದ್ದು ನಾಯಿ ಬೇರೆಯಾಗುವುದು. ಕೆಲಸವೂ ತೀರಿಲ್ಲ. ಯಂತ್ರಕ್ಕೆ ಕಡಲಾಚೆಯಿಂದ ಎಣ್ಣೆ ಬರಬೇಕು; ನಾಯಿಗೆ ಅಲ್ಲಿಯ ಕಡಲೇ ಮೇವು ಕೊಡುವುದು. ಯಂತ್ರವು ತೆಳು ಗಡ್ಡೆಯನ್ನು ಅರಿಯದು. ನಾಯಿ ಅರಿತು ಹಿಂಜರಿಯುವುದು. 1950ರಲ್ಲಿ ಸ್ಥಾಪಿತವಾದ ಡೆನ್ಮಾರ್ಕಿನ ಸಿರಿಯಸ್ ಪಹರೆಯವರು ಈಗಲೂ ಈಶಾನ್ಯ ಗ್ರೀನ್‌ಲೆಂಡಿನ ನಿರ್ಜನ ತೀರವನ್ನು ನಾಯಿಬಂಡಿಗಳಲ್ಲಿಯೇ ಸುತ್ತುವರು.

ಆದರೆ ಇಲ್ಲಿ ಒಂದು ಕಹಿ ಸತ್ಯವನ್ನೂ ಮರೆಯಲಾಗದು. ಆ ಬಾಳು ಸುಖದ ಬಾಳಲ್ಲ. ಚಾವಟಿಯುಂಟು, ಸರಪಣಿಯುಂಟು, ಎಳೆಯಲು ಹಿಮವಿಲ್ಲದ ಬೇಸಗೆಯಲ್ಲಿ ಕಟ್ಟಿದ ಕಡೆಯೇ ತಿಂಗಳುಗಟ್ಟಲೆ ಬಿದ್ದಿರಬೇಕು. ಕುಲವನ್ನು ಅದರ ಕೆಲಸದೊಡನೆ ಉಳಿಸೆಂದು ಹೇಳುವವನು ಅದರ ಕಷ್ಟವನ್ನೂ ಒಪ್ಪಿದಂತಾಯಿತಲ್ಲವೆ? ಆಯಿತೆಂದೇ ನನ್ನ ಉತ್ತರ. ಕಷ್ಟವನ್ನು ಕಡಮೆ ಮಾಡುವುದು ಯಜಮಾನನ ಧರ್ಮ. ಒಳ್ಳೆಯ ಮೇವು, ರೋಗಕ್ಕೆ ಮದ್ದು, ಬೇಸಗೆಯಲ್ಲಿ ನೀರು, ಇವು ಆಗಲೇಬೇಕಾದುವು. ಹೂಡಿದೊಡನೆ ಹಾರಿ ಕುಣಿದು ಬೊಗಳುವ ಆ ಪ್ರಾಣಿಯಿಂದ ಓಟವನ್ನೇ ಕಸಿದುಕೊಳ್ಳುವುದು ದಯೆಯೆಂದು ನನಗೆ ತೋರುವುದಿಲ್ಲ.

ಬೇರೆ ನಾಯಿ ಒಳಗೆ ಬಾರದಂತೆ ಕಾನೂನು ತಡೆಯಬಲ್ಲುದು; ಗಡ್ಡೆ ಕರಗದಂತೆ ಅದು ತಡೆಯಲಾರದು. ಆ ಗಡ್ಡೆಯನ್ನು ಕರಗಿಸುತ್ತಿರುವ ಹೊಗೆ ಬಹುಮಟ್ಟಿಗೆ ದೂರದೇಶಗಳ ಒಲೆಗಳದು, ಕಾರ್ಖಾನೆಗಳದು. ಮಗನಿಗೆ ಬಂಡಿ ಹೊಡೆಯುವುದನ್ನು ಕಲಿಸುವ ಬೇಟೆಗಾರ ತನ್ನ ಪಾಲಿನ ಕೆಲಸವನ್ನು ಮಾಡುತ್ತಿರುವನು. ಉಳಿದ ಪಾಲು ಆ ನಾಯಿಯನ್ನು ಎಂದೂ ಕಾಣದ ನಮ್ಮಂತಹವರದು.