5 ನಿಮಿಷಕ್ಕೆ ಹೋದದ್ದು, 38 ನಿಮಿಷ ಉಳಿದದ್ದು

ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹದಿಹರೆಯದ ವಿದ್ಯಾರ್ಥಿಗಳಿಗಾಗಿ ಪಾಡ್‌ಕಾಸ್ಟ್ ಸ್ಪರ್ಧೆಯೊಂದನ್ನು ಶುರು ಮಾಡಿದ್ದು 2018ರಲ್ಲಿ. ನಿಯಮಗಳ ಪಟ್ಟಿ ಉದ್ದ ಇದ್ದರೂ ಮಕ್ಕಳಿಗೆ ನೆನಪಿರುವುದು ಎರಡೇ: ಸ್ವಂತದ್ದಾಗಿರಬೇಕು, 5 ನಿಮಿಷ ಮೀರಬಾರದು. ಬೇರೆ ದೇಶದವರೂ ಕಳಿಸಬಹುದು. ಅಲ್ಲಿನ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನದ್ದು ಇನ್ನೊಂದು ಸ್ಪರ್ಧೆ ಇದೆ, ಅದು ಅಮೆರಿಕದ ಶಾಲೆಗಳಿಗೆ. 2019ರ ಮೊದಲ ಸ್ಪರ್ಧೆಯಲ್ಲಿ ಹೈಸ್ಕೂಲ್ ವಿಭಾಗದ ಬಹುಮಾನ ಗೆದ್ದವರು ಟೆನೆಸಿ ರಾಜ್ಯದ ಎಲಿಜಬೆತ್‌ಟನ್ ಎಂಬ ಸಣ್ಣ ಊರಿನ ಮಕ್ಕಳು. 1916ರಲ್ಲಿ ಪಕ್ಕದ ಅರ್ವಿನ್ ಪಟ್ಟಣದಲ್ಲಿ ಸರ್ಕಸ್ಸಿನ ಆನೆಯೊಂದನ್ನು ಕ್ರೇನಿಗೆ ನೇತುಹಾಕಿ ಕೊಂದಿದ್ದರು. ಅವರು ಮಾಡಿದ್ದು ಆ ಕತೆಯನ್ನ.

ನಮ್ಮ ಬಿಲ್ಡಿಂಗಿನ ಮೂರು ಮಕ್ಕಳು ಇದನ್ನು ಕೇಳಿಕೊಂಡೇ ನನ್ನ ಹತ್ರ ಬಂದರು. ನಾನಿರುವುದು ದೋಹಾ ಅಲ್ ಜದೀದಾದಲ್ಲಿ. ಹೆಸರಿನ ಅರ್ಥ ಹೊಸ ದೋಹಾ, ಆದರೆ ನೋಡೋಕೆ ಹಳೇದು. ಮೂರು, ನಾಲ್ಕು ಮಹಡಿಯ ಹಳೆಯ ಕಟ್ಟಡಗಳು, ಕೆಳಗೆ ಅಂಗಡಿಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ. ಮೆಟ್ರೋದ ಕೆಂಪು ಲೈನಿನಲ್ಲಿ ಒಂದೇ ಸ್ಟೇಷನ್ ಮುಂದೆ ಹೋದರೆ ಮುಶೈರಿಬ್, ಅಲ್ಲಿ ಎಲ್ಲವೂ ಥಳಥಳ. ನಾನು ಡೇಟಾ ಸೈಂಟಿಸ್ಟ್. ಮಕ್ಕಳ ಲೆಕ್ಕದಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ನನಗೆ ಬರುತ್ತೆ.

ಅವರಿಗೆ ಮೊದಲು ಹೊಳೆದ ವಿಷಯ ಗಿಡುಗ ಸಾಕಣೆ. ಆಮೇಲೆ 2022ರ ವಿಶ್ವಕಪ್ ಫುಟ್‌ಬಾಲ್. ಎರಡೂ ಕತಾರ್ ಅಂದ ತಕ್ಷಣ ಹೊರಗಿನವರಿಗೆ ಹೊಳೆಯುವಂಥವು. "ನಿಮಗೆ ಮಾತ್ರ ಗೊತ್ತಿರೋದು ಏನಿದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹನ್ನೊಂದನೇ ಕ್ಲಾಸಿನ ಹುಡುಗ ಅಂದ: "ಅಂಕಲ್, ಇಲ್ಲಿ ಎಲ್ಲರೂ ನಿಮ್ಮೂರು ಯಾವ್ದು ಅಂತ ಕೇಳ್ತಾರೆ. ದೋಹಾ ಅಂದ್ರೆ, ಅದಲ್ಲ, ಊರು ಯಾವ್ದು ಅಂತಾರೆ."

ಸಂಘದ ರಾಜ್ಯೋತ್ಸವಕ್ಕೆ ಹೋದವರಿಗೆಲ್ಲ ಈ ಮಾತು ಗೊತ್ತು. ಈ ಹುಡುಗ ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಆದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಇಲ್ಲಿನ ಪೌರತ್ವ ಸಿಗುವುದಿಲ್ಲ. ಅವನು ಇಲ್ಲಿರುವುದು ಅಪ್ಪನ ವೀಸಾದ ಮೇಲೆ. ಅಪ್ಪನ ಕೆಲಸ ಮುಗಿದ ದಿನ ಮನೆಯೂ ಮುಗಿಯಿತು. ಅಪ್ಪನ ಊರು ಕುಂದಾಪುರದ ಕಡೆ, ಹುಡುಗನಿಗೆ ಅದು ರಜೆಯಲ್ಲಿ ಹೋಗುವ ಜಾಗ. ಹಾಗಾಗಿ ಊರು ಅನ್ನುವುದೇ ಪಾಡ್‌ಕಾಸ್ಟಿನ ವಿಷಯ ಆಯಿತು, ಮೊದಲ ಸಂದರ್ಶನ ಅಪ್ಪನದೇ ಅಂತ ತೀರ್ಮಾನ ಆಯಿತು.

ರೆಕಾರ್ಡಿಂಗ್ ಮನೆಯಲ್ಲೇ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು ಅದರ ಮುಂದೆ ಕೂತರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದು ಕಮ್ಮಿಯಾಗುತ್ತೆ. "ಮನೇಲೆಲ್ಲ ಸ್ಟುಡಿಯೋ ಆಗುತ್ತಾ?" ಅಂತ ಮಕ್ಕಳಿಗೆ ಅನುಮಾನ. ಮೈಸೂರಿನ ಕತೆ ಹೇಳಿದೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಪ್ರೊಫೆಸರ್ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು.

ತೊಂದರೆ ಕೊಟ್ಟದ್ದು ಎಸಿ. ಮೇ ತಿಂಗಳ ದೋಹಾದಲ್ಲಿ ಎಸಿ ಆಫ್ ಮಾಡಿದರೆ ಹತ್ತು ನಿಮಿಷದಲ್ಲಿ ಅಂಗಿ ಒದ್ದೆ. ಆನ್ ಇಟ್ಟರೆ ಮೈಕಿನಲ್ಲಿ ಬರೀ ಗುಂಯ್ ಅನ್ನುವ ಸದ್ದು. ಅಪ್ಪ ಇಲ್ಲಿಗೆ ಬಂದದ್ದು ಎಸಿ ಮೆಕ್ಯಾನಿಕ್ ಆಗಿ, ಈಗ ಸೂಪರ್‌ವೈಸರ್. ಆಫ್ ಮಾಡುವ ಮುಂಚೆ ಒಂದು ಕ್ಷಣ ಕಿವಿಗೊಟ್ಟು, "ಫಿಲ್ಟರ್ ತೊಳೀದೆ ಎಷ್ಟ್ ದಿನ ಆಯ್ತ್?" ಅಂದರು. ಆ ಮಾತೂ ರೆಕಾರ್ಡ್ ಆಯಿತು.

ಎಸಿ ಆಫ್, ಆನ್ ಮಾಡುತ್ತಾ ಒಟ್ಟು 43 ನಿಮಿಷ ಮಾತಾಡಿದರು. ಮಗ ಕೇಳಿದ ಪ್ರಶ್ನೆ ಸರಳ: ಎಷ್ಟು ದಿನಕ್ಕೆ ಅಂತ ಬಂದ್ರಿ, ಯಾಕೆ ವಾಪಸ್ ಹೋಗಲಿಲ್ಲ? ಮನೆಯಲ್ಲಿ ಸುಮ್ಮನೆ ಕೇಳಿದ್ದರೆ "ಓದ್ಕೋ ಹೋಗು" ಅನ್ನುತ್ತಿದ್ದರೇನೋ. ಎದುರಿಗೆ ಮೈಕ್ ಇತ್ತು, ಮಗನ ಕೈಯಲ್ಲಿ ಪ್ರಶ್ನೆ ಬರೆದ ಚೀಟಿ ಇತ್ತು. ಅವರು ನೆಟ್ಟಗೆ ಕೂತು ಉತ್ತರ ಕೊಟ್ಟರು.

ಪಾಡ್‌ಕಾಸ್ಟ್ ಇಂಗ್ಲಿಷಿನಲ್ಲಿ, ಅಪ್ಪನ ಮಾತು ಕುಂದಗನ್ನಡದಲ್ಲಿ. ಮಾತನ್ನು ಬರಹಕ್ಕೆ ಇಳಿಸುವ ಒಂದು ತಂತ್ರಾಂಶಕ್ಕೆ ಹಾಕಿದೆವು. ಅಪ್ಪ ಹೇಳಿದ್ದು, "ವಾಪಸ್ ಹೋಯ್ಕ್ ಹೋಯ್ಕ್ ಅಂದ್ಕಂಡೇ ಇಪ್ಪತ್ತೊಂದ್ ವರ್ಷ ಆಯ್ತ್." ಹೋಗಬೇಕು ಹೋಗಬೇಕು ಅಂದುಕೊಂಡೇ ಅಂತ ಅರ್ಥ. ತೆರೆಯ ಮೇಲೆ ಬಂದದ್ದು, "ವಾಪಸ್ ಬೈಕ್ ಬೈಕ್." ಮಕ್ಕಳು ಬಿದ್ದು ಬಿದ್ದು ನಕ್ಕರು.

ನನ್ನ ಕಸುಬಿನವನಿಗೆ ಇದು ಆಶ್ಚರ್ಯ ಅಲ್ಲ. ಯಂತ್ರಕ್ಕೆ ಭಾಷೆ ಬರುವುದು ಕೇಳಿಸಿದಷ್ಟೇ. 2022ರಲ್ಲಿ ಬಂದ ವಿಸ್ಪರ್ ಎಂಬ ಮಾದರಿಗೆ ಕಲಿಸಲು ಬಳಸಿದ್ದು 6,80,000 ಗಂಟೆಗಳ ಧ್ವನಿ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಇಂಗ್ಲಿಷ್, ಉಳಿದದ್ದನ್ನು ಹಂಚಿಕೊಳ್ಳುವುದು ತೊಂಬತ್ತಕ್ಕೂ ಹೆಚ್ಚು ಭಾಷೆಗಳು. ಆ ಸಾಲಿನಲ್ಲಿ ಕನ್ನಡ, ಕನ್ನಡದೊಳಗೆ ಕುಂದಗನ್ನಡ. ಬೆಂಗಳೂರಿನ ಐಐಎಸ್‌ಸಿ ಈಗ ಗೂಗಲ್ ಜೊತೆ ಸೇರಿ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿದೆ. ಒಳ್ಳೆಯ ಕೆಲಸ. ಆದರೆ ಅದು ಭಾರತದ ಜಿಲ್ಲೆಗಳ ಪಟ್ಟಿ, ಅದರಲ್ಲಿ ದೋಹಾ ಇಲ್ಲ. ಇಪ್ಪತ್ತೊಂದು ವರ್ಷ ಮಲಯಾಳಿ, ನೇಪಾಳಿ, ಅರಬರ ನಡುವೆ ಬಳಸಿ ಬಳಸಿ ಅಪ್ಪನ ಬಾಯಲ್ಲಿ ಬದಲಾದ ಕುಂದಗನ್ನಡ ಅಲ್ಲಿ ಸಿಗುವುದಿಲ್ಲ.

ಯಂತ್ರ ಕೈಕೊಟ್ಟಿತಲ್ಲ, ಹುಡುಗನೇ ಕೂತು ಬರೆದುಕೊಂಡ. ಹೆಡ್‌ಫೋನ್ ಹಾಕಿ, ಎರಡು ಸೆಕೆಂಡ್ ಹಿಂದೆ, ಮತ್ತೆ ಕೇಳು, ಮತ್ತೆ ಹಿಂದೆ. ಕೆಲವು ಮಾತನ್ನು ಹದಿನೈದು ಸಲ ಕೇಳಿದ. ಅರ್ಥವಾಗದ ಪದಕ್ಕೆ ಊರಿನ ಅಜ್ಜಿಗೆ ವಾಟ್ಸ್ಯಾಪ್ ಕಾಲ್. ವಿದೇಶದಲ್ಲಿ ಮಾಸ್ಟರ್ಸ್ ಮಾಡುವಾಗ ನಾನು ಕಲಿತ ವಿದ್ಯೆ ಇದಕ್ಕೆ ಪೂರ್ತಿ ಉಲ್ಟಾ: ಲಕ್ಷಗಟ್ಟಲೆ ದನಿಗಳನ್ನು, ಒಂದನ್ನೂ ಕೇಳದೆ ವಿಂಗಡಿಸುವುದು. ಅವತ್ತು ಯಂತ್ರ ಎಲ್ಲವನ್ನೂ ಸರಿಯಾಗಿ ಬರೆದುಕೊಟ್ಟಿದ್ದರೆ ಈ ಹುಡುಗ ಹಾಳೆ ಓದಿ ಎದ್ದು ಹೋಗುತ್ತಿದ್ದ. ಹಾಗಾಗಲಿಲ್ಲ. ಅಪ್ಪ "ಆಯ್ತ್" ಅನ್ನುವ ಮುಂಚೆ ಒಂದು ಸಲ ಉಸಿರು ಎಳೆದುಕೊಂಡದ್ದು ಅವನಿಗೆ ಕೇಳಿಸಿತು. "ಇದನ್ನ ಕಟ್ ಮಾಡ್ಬೇಡಿ" ಅಂದ.

ರೇಡಿಯೋದವರ ಹಳೆಯ ಕ್ರಮವನ್ನೇ ಹಿಡಿದೆವು. ಮೂಲ ದನಿ ಕೆಲವು ಸೆಕೆಂಡ್ ಪೂರ್ತಿ ಕೇಳಲಿ, ನಂತರ ಅದು ತಗ್ಗಿ ಮೇಲೆ ಇಂಗ್ಲಿಷ್ ಬರಲಿ. ಆ ಇಂಗ್ಲಿಷ್ ದನಿ ಮಗನದ್ದು. ಅಪ್ಪನ "ನಾನು" ಅವನ ಬಾಯಲ್ಲಿ "ಐ" ಆಗುತ್ತೆ. ಮುಂದಿನ ವರ್ಷ ಕಾಲೇಜಿಗೆ ಅಂತ ದೋಹಾ ಬಿಡುವ ಹುಡುಗ, "ಹೋಗಬೇಕು ಅಂದುಕೊಂಡೇ ಇಪ್ಪತ್ತೊಂದು ವರ್ಷವಾಯಿತು" ಅನ್ನುತ್ತಾನೆ. ಕೇಳುವಾಗ ಅಪ್ಪ ತಲೆ ಎತ್ತಲಿಲ್ಲ. ಮುಗಿದ ಮೇಲೆ, "ಎಸಿ ಸದ್ದ್ ಇನ್ನೂ ಕೇಂತ್ತ್" ಅಂದರು, ಅಷ್ಟೇ.

ಬಹುಮಾನ ಬರಲಿಲ್ಲ. ಮಕ್ಕಳು ಎರಡು ದಿನ ಬೇಜಾರು ಮಾಡಿಕೊಂಡು ಪರೀಕ್ಷೆ ಕಡೆ ತಿರುಗಿದರು. ಸ್ಪರ್ಧೆಗೆ ಹೋದದ್ದರಲ್ಲಿ ಅಪ್ಪನ ಮಾತನ್ನು, ಅದರ ಇಂಗ್ಲಿಷನ್ನು, ಮಕ್ಕಳ ಮಾತನ್ನು ಎಲ್ಲ ಸೇರಿಸಿ 5 ನಿಮಿಷ. ಕಳಿಸಿದ 5 ನಿಮಿಷವನ್ನು ಕಳೆದರೂ 38 ನಿಮಿಷ ಫೋನಿನಲ್ಲೇ ಇದೆ. ನಾನು ಹೇಳಿಕೊಟ್ಟದ್ದು ಇಷ್ಟೇ: ಫೈಲಿಗೆ ಹೆಸರು, ತಾರೀಕು, ಜಾಗ ಹಾಕು, ಎರಡು ಕಡೆ ಕಾಪಿ ಇಡು. ಜಾಗ ಅನ್ನುವಲ್ಲಿ ಏನು ಬರೀಲಿ ಅಂತ ಅವನು ನನ್ನ ಕೇಳಲಿಲ್ಲ. ದೋಹಾ ಅಲ್ ಜದೀದಾ ಅಂತ ಟೈಪ್ ಮಾಡಿದ.