ಹಳೆಯ ಜೆಸಿಬಿ ಹುಡುಕಿಕೊಂಡು ಹೊಸಪೇಟೆಗೆ

ಭಾವನವರು ತೀರಿಕೊಂಡ ಮೇಲೆ ಅಕ್ಕನ ಕೈಯಲ್ಲಿ ಉಳಿದದ್ದು ಎರಡೂವರೆ ಎಕರೆ ಎರಿಹೊಲ, ಇಬ್ಬರು ಮಕ್ಕಳು ಮತ್ತು ರಸ್ತೆ ಬದಿಯ ಒಂದು ನಿವೇಶನ ಮಾರಿ ಬಂದ ಒಂಬತ್ತು ಲಕ್ಷ ರೂಪಾಯಿ. ಮಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು. ಎರಡು ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರ ಜೆಸಿಬಿಗೆ ಹೆಲ್ಪರ್ ಆಗಿ, ಆಮೇಲೆ ಆಪರೇಟರ್ ಆಗಿ ದುಡಿದು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ. ಮಗಳು ಪಿಯುಸಿ ಎರಡನೇ ವರ್ಷ, ವಿಜ್ಞಾನ. ಒಂದು ರಾತ್ರಿ ಊಟಕ್ಕೆ ಕೂತಾಗ ಹುಡುಗ ಬಾಯಿಬಿಟ್ಟ. "ಮಾಮಾ, ಎಷ್ಟು ದಿನ ಮಂದಿ ಗಾಡಿ ಹೊಡೀಲಿ? ಒಂದು ಹಳೇ ಜೆಸಿಬಿ ತಗೊಂತೀನಿ. ನೀವು ಜೊತಿಗೆ ಬರ್ರಿ."

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವನು. ಜೆಸಿಬಿಯ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂಬುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಒಂದೇ ಮಾತು ಹೇಳಿದಳು: "ಒಂಬತ್ತರಾಗ ಎರಡು ಲಕ್ಷ ಹುಡುಗೀದು. ಅದನ್ನ ಮುಟ್ಟಂಗಿಲ್ಲ. ಸಾಲನೂ ಮಾಡಂಗಿಲ್ಲ. ಏಳರಾಗ ಏನು ಬರ್ತೈತೋ ನೋಡ್ರಿ." ಹೊಸ ಯಂತ್ರದ ಬೆಲೆ ಮೂವತ್ತು ಲಕ್ಷ ದಾಟುವ ಈ ಕಾಲದಲ್ಲಿ ಏಳು ಲಕ್ಷಕ್ಕೆ ಏನು ಸಿಗುತ್ತದೆ ಎಂದು ನೋಡಲು ನಾವು ಹೊರಟೆವು.

ಹಡಗಲಿಯ ಕಡೆಯಿಂದ ಬೆಳಗಿನ ಬಸ್ಸು ಹಿಡಿದರೆ ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ದಾಟಿ ಹೊಸಪೇಟೆ. ಹಗರಿಬೊಮ್ಮನಹಳ್ಳಿಯಲ್ಲಿ ಹುಡುಗನ ಪರಿಚಯದ ಮೆಕ್ಯಾನಿಕ್ ಒಬ್ಬರು ಬಸ್ಸು ಹತ್ತಿದರು. ಅರವತ್ತರ ಹತ್ತಿರದ ವಯಸ್ಸು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುವುದು. ದಿನಕ್ಕೆ ಒಂದೂವರೆ ಸಾವಿರ ಸಂಬಳ, ಊಟ ನಮ್ಮದು ಎಂದು ಮಾತಾಗಿತ್ತು. ಆ ಪ್ರವಾಸದಲ್ಲಿ ನಾವು ಮಾಡಿದ ಖರ್ಚುಗಳಲ್ಲೆಲ್ಲ ಸಾರ್ಥಕವಾದದ್ದು ಅದೊಂದೇ ಎಂದು ಈಗ ಅನ್ನಿಸುತ್ತದೆ.

ದಾರಿಯಲ್ಲಿ ಉಸ್ತಾದ್ ನನಗೆ ಪಾಠ ಮಾಡಿದರು. ನಾವು ಜೆಸಿಬಿ ಎನ್ನುವ ಯಂತ್ರದ ಜಾತಿಯ ಹೆಸರು ಬ್ಯಾಕ್‌ಹೋ ಲೋಡರ್. ಹೋ ಎಂದರೆ ಗುದ್ದಲಿ. ಮುಂದೆ ಮಣ್ಣು ಎತ್ತುವ ದೊಡ್ಡ ಸಲಿಕೆ, ಹಿಂದೆ ನೆಲ ಅಗೆಯುವ ಗುದ್ದಲಿ. ಗುದ್ದಲಿಯನ್ನು ನಾವು ಹೇಗೆ ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆಯೋ ಅದೂ ಹಾಗೆಯೇ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಜೆಸಿಬಿ ಎಂಬುದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನವರ ಹೆಸರಿನ ಮೊದಲಕ್ಷರಗಳು. 1945ರಲ್ಲಿ ಅಟಾಕ್ಸಿಟರ್ ಎಂಬ ಊರಿನ ಬಾಡಿಗೆ ಗ್ಯಾರೇಜಿನಲ್ಲಿ ಆತ ಕೆಲಸ ಶುರು ಮಾಡಿದ್ದು ಹಳೆಯ ವೆಲ್ಡಿಂಗ್ ಸೆಟ್ಟಿನಿಂದ. ಯುದ್ಧ ಮುಗಿದ ಮೇಲೆ ಉಳಿದಿದ್ದ ಸಾಮಾನಿನಿಂದ ಮಾಡಿದ ಟ್ರೇಲರೇ ಮೊದಲ ಸರಕು. 1953ರಲ್ಲಿ ಬ್ಯಾಕ್‌ಹೋ ಬಂತು. ನಮ್ಮ ದೇಶದಲ್ಲಿ 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ತಯಾರಿಕೆ ಶುರುವಾಯಿತು. ಈಗ ಯಾವ ಕಂಪನಿಯದಾದರೂ ಚಕ್ರದ್ದು ಜೆಸಿಬಿ, ಚೈನಿನದು ಹಿಟಾಚಿ. "ಅವನೂ ಹಳೇ ಸಾಮಾನಿಂದನ ಶುರು ಮಾಡಿದ್ದ ನೋಡು" ಎಂದು ನಾನು ಹುಡುಗನಿಗೆ ಹೇಳಿದೆ. ಅವನ ಮುಖ ಅರಳಿತು.

ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಹೊರಗಿನವರಿಗೆ ಅದು ಹಂಪಿಗೆ ಹೋಗುವ ಬಾಗಿಲು, ಇಲ್ಲವೆ ತುಂಗಭದ್ರಾ ಅಣೆಕಟ್ಟಿನ ಊರು. ಆದರೆ ಕಾರಿಗನೂರು, ಪಾಪಿನಾಯಕನಹಳ್ಳಿಯ ದಾರಿಯಲ್ಲಿ, ಸಂಡೂರಿನ ದಾರಿಯಲ್ಲಿ ಹೋದವರಿಗೆ ಇನ್ನೊಂದು ಹೊಸಪೇಟೆ ಕಾಣುತ್ತದೆ. ಚೀನಾ ದೇಶಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ದಿನಗಳಲ್ಲಿ ಇಲ್ಲಿ ಬೇವಿನ ಎಲೆಯೂ ಕೆಂಪಾಗಿತ್ತು. ರೈತರು ಹೊಲ ಅಡವಿಟ್ಟು ಟಿಪ್ಪರ್ ಕೊಂಡರು, ಯಂತ್ರ ಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಆ ಆದೇಶ ಬಂತು. 2013ರಲ್ಲಿ ಷರತ್ತಿನ ಮೇಲೆ ಮತ್ತೆ ಕೆಲವು ಗಣಿಗಳು ತೆರೆದವು. ಆ ನಡುವೆ ಸಾಲು ಸಾಲಾಗಿ ನಿಂತ ಗಾಡಿಗಳನ್ನು ನಾನೇ ನೋಡಿದ್ದೇನೆ. ಸಂಪತ್ತು ಹೇಗೆ ಬಂತೋ ಹಾಗೆಯೇ ಹೋಯಿತು. ಗಾಡಿ ಕೊಳ್ಳುವ, ಮಾರುವ, ಬಿಚ್ಚುವ, ಜೋಡಿಸುವ ಕಸಬು ಮಾತ್ರ ಉಳಿಯಿತು.

ಮೊದಲ ಯಾರ್ಡಿನಲ್ಲಿ ಒಂದು ಜೆಸಿಬಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ಹೊಸ ಹಳದಿ ಬಣ್ಣ, ಹೊಸ ಸೀಟು. "ನೋಡ್ರಿ ಸರ್, ಗಾಡಿ ಹೂವಿನಂಗ ಐತಿ. ಬರೇ ನಾಕು ಸಾವಿರ ಅವರ್ ಓಡೈತಿ" ಎಂದರು ಯಾರ್ಡಿನವರು. ಕಾರಿಗೆ ಕಿಲೋಮೀಟರು ಇರುವಂತೆ ಈ ಯಂತ್ರಕ್ಕೆ ಗಂಟೆಯ ಲೆಕ್ಕ. ಬೆಲೆ ಏಳೂಕಾಲು ಲಕ್ಷ. ಹುಡುಗ ಆಗಲೇ ಕ್ಯಾಬಿನ್ ಹತ್ತಿ ಕೂತಿದ್ದ. ಅವನ ಕಣ್ಣು ನೋಡಿದರೆ ಸಾಕಿತ್ತು, ಮನಸ್ಸಿನಲ್ಲಿ ವ್ಯಾಪಾರ ಮುಗಿದೇ ಹೋಗಿತ್ತು.

ಉಸ್ತಾದ್ ಮೊದಲು ಎಂಜಿನ್ ಮೇಲೆ ಅಂಗೈ ಇಟ್ಟರು. ಬಿಸಿಯಾಗಿತ್ತು. "ನಾವು ಬರೋಕ್ಕಿಂತ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ರಿ?" ಎಂದು ಕೇಳಿದರು. ತಣ್ಣಗಿದ್ದ ಎಂಜಿನ್ ಮೊದಲ ಸಲ ಹೇಗೆ ಏಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಎನ್ನುವುದರಲ್ಲೇ ಅದರ ಅರ್ಧ ಜಾತಕ ಇರುತ್ತದಂತೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಆಮೇಲೆ ಅವರು ತೋರಿಸಿದ್ದು ಕಾಲಿನ ಪೆಡಲ್. ಅದರ ರಬ್ಬರ್ ಸವೆದು ಒಳಗಿನ ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು. "ಮೀಟರ್ ಸುಳ್ಳು ಹೇಳ್ತೈತಿ, ಕಾಲು ಹೇಳಂಗಿಲ್ಲ. ನಾಕು ಸಾವಿರ ಅವರಿಗೆ ಹಿಂಗ ಸವಿಯಂಗಿಲ್ಲ." ಹಿಂದಿನ ಬೂಮಿನ ಬುಡದಲ್ಲಿ ಚಾಕುವಿನಿಂದ ಬಣ್ಣ ಕೆರೆದರು. ಒಳಗೆ ಹಳೆಯ ಬಿರುಕಿಗೆ ಹಾಕಿದ ವೆಲ್ಡಿಂಗ್ ಕಂಡಿತು. ಯಾರ್ಡಿನವರು ಚಹಾ ತರಿಸಿದರು. ನಾವು ಚಹಾ ಕುಡಿದು ಎದ್ದೆವು. ಹುಡುಗ ಸಂಜೆಯವರೆಗೆ ಮಾತಾಡಲಿಲ್ಲ.

ಎರಡು ದಿನದಲ್ಲಿ ಐದು ಯಂತ್ರ ನೋಡಿದೆವು. ಒಂದಕ್ಕೆ ದಾಖಲೆ ಇರಲಿಲ್ಲ. ಒಂದಕ್ಕೆ ದಾಖಲೆ ಇದ್ದರೂ ಚಾಸಿ ನಂಬರು ಹೊಂದಲಿಲ್ಲ. ಇನ್ನೊಂದರ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಹಾಗೆಯೇ ಇತ್ತು. ಸಾಲ ತೀರಿದೆ ಎಂಬ ಪತ್ರ ಸಿಕ್ಕಿ ಆ ಹೆಸರು ಹೋಗುವ ತನಕ ದುಡ್ಡು ಕೊಡುವುದು ಬೇಡ ಎಂದು ನಾನೇ ಹೇಳಿದೆ. ಕಾಗದ ಓದುವುದಾದರೂ ನನಗೆ ಬರುತ್ತದಲ್ಲ!

ಮೂರನೆಯ ದಿನ ಹುಬ್ಬಳ್ಳಿಗೆ ರೈಲು ಹತ್ತಿದೆವು. ಸಾಲ ಕಟ್ಟದ್ದಕ್ಕೆ ಸೀಜ್ ಮಾಡಿದ ಗಾಡಿಗಳು ಅಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಹೇಳಿದ್ದರು. ಹೊಸಪೇಟೆ ಬಿಟ್ಟ ಸ್ವಲ್ಪ ಹೊತ್ತಿಗೇ ತುಂಗಭದ್ರೆ, ಆಚೆ ಮುನಿರಾಬಾದು, ಆಮೇಲೆ ಕೊಪ್ಪಳ, ಗದಗ, ಅಣ್ಣಿಗೇರಿ. ಎರಡೂ ಕಡೆ ಎರಿಭೂಮಿ. ಎಲ್ಲಿ ನೋಡಿದರೂ ಒಂದಲ್ಲ ಒಂದು ಹಳದಿ ಯಂತ್ರ ಕಾಲುವೆಯನ್ನೋ ಪಾಯವನ್ನೋ ಅಗೆಯುತ್ತಿತ್ತು. ಹುಡುಗ ಎಣಿಸುತ್ತಾ ಹೋದ. ಹನ್ನೊಂದರ ಮೇಲೆ ನಿದ್ದೆ ಹೋದ.

ಹುಬ್ಬಳ್ಳಿಯ ಹೊರವಲಯದ ಆ ಯಾರ್ಡನ್ನು ನಾನು ಮರೆಯಲಾರೆ. ತಂತಿಬೇಲಿಯ ಒಳಗೆ ಟ್ರ್ಯಾಕ್ಟರು, ಟಿಪ್ಪರು, ಜೆಸಿಬಿಗಳು ಸಾಲಾಗಿ ನಿಂತಿದ್ದವು. ನಡುವೆ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿತ್ತು. ಒಂದೊಂದರ ಗಾಜಿನ ಮೇಲೂ ಒಂದೊಂದು ಬರಹ. ತಾಯಿಯ ಆಶೀರ್ವಾದ, ಅಪ್ಪನ ಕನಸು, ಮನೆದೇವರ ಹೆಸರು. ಕೆಲವಕ್ಕೆ ಆಯುಧಪೂಜೆಯ ಹೂವಿನ ಹಾರ ಒಣಗಿ ಇನ್ನೂ ಜೋತಾಡುತ್ತಿತ್ತು. ಇದ್ದಲ್ಲಿ ಇದ್ದ ಹಾಗೆ ಕೊಳ್ಳಬೇಕು, ಸ್ಟಾರ್ಟ್ ಮಾಡಿ ತೋರಿಸುವುದಿಲ್ಲ ಎಂದು ಕಾವಲಿನವರು ಹೇಳಿದರು.

ಹುಡುಗ ಒಂದು ಕ್ಯಾಬಿನ್ ಹತ್ತಿದವನು ಬಹಳ ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಅವನ ಕೈಯಲ್ಲಿ ಸೀಟಿನ ಹಿಂದೆ ಸಿಕ್ಕಿದ ಒಂದು ನೋಟುಪುಸ್ತಕ. ಯಾರೋ ದುಂಡಗಿನ ಅಕ್ಷರದಲ್ಲಿ ದಿನದಿನದ ಲೆಕ್ಕ ಬರೆದಿದ್ದರು. ಇಂಥವರ ಹೊಲ, ಆರು ಅವರ್, ಡೀಸೆಲ್ ಇಷ್ಟು, ಬಾಕಿ ಇಷ್ಟು. ಬೇಸಿಗೆಯ ಪುಟಗಳು ತುಂಬಿದ್ದವು. ಜೂನ್‌ನಿಂದ ಸಾಲುಗಳು ತೆಳುವಾದವು. ಮಳೆ, ಕೆಲಸ ಇಲ್ಲ. ಮಳೆ, ಕೆಲಸ ಇಲ್ಲ. ಹೋಸ್ ಪೈಪ್ ಒಡೆಯಿತು. ಕಂತು ಕಟ್ಟಿಲ್ಲ. ಆಗಸ್ಟಿನ ನಡುವೆ ಬರವಣಿಗೆ ನಿಂತಿತ್ತು. ಮುಂದೆಲ್ಲ ಖಾಲಿ ಹಾಳೆ.

"ಮಾಮಾ, ಇವನೂ ನನ್ನಂಗ ಇದ್ದ" ಎಂದ ಹುಡುಗ. ಪುಸ್ತಕವನ್ನು ಇದ್ದಲ್ಲೇ ಇಟ್ಟು ಇಳಿದ. ಅಲ್ಲಿ ಐದೂವರೆ ಲಕ್ಷಕ್ಕೇ ಒಂದು ಯಂತ್ರ ಸಿಗುವ ಹಾಗಿತ್ತು. ಉಸ್ತಾದ್ ಬೇಡವೆನ್ನಲೂ ಇಲ್ಲ, ಬೇಕೆನ್ನಲೂ ಇಲ್ಲ. ಹುಡುಗನೇ ಬೇಡವೆಂದ. ಒಳಗೆ ಏನಿದೆಯೆಂದು ಗೊತ್ತಿಲ್ಲದ್ದಕ್ಕೆ ಅವ್ವನ ದುಡ್ಡು ಹಾಕುವುದಿಲ್ಲ ಎಂದ. ಸಾಲ ಬೇಡವೆಂದು ಅಕ್ಕ ಹೇಳಿದ ಮಾತನ್ನು ಊರಲ್ಲಿ ಕೇಳಿ ಮುಖ ಸಿಂಡರಿಸಿದ್ದವನು ಇವನೇ. ನಾನು ಕ್ಲಾಸಿನಲ್ಲಿ ಎಷ್ಟು ಹೇಳಿದ್ದರೂ ಆ ನೋಟುಪುಸ್ತಕದಷ್ಟು ನಾಟುತ್ತಿರಲಿಲ್ಲ.

ಬರಿಗೈಯಲ್ಲಿ ಹಿಂದಿರುಗುವಾಗ ಉಸ್ತಾದರಿಗೆ ಒಂದು ಫೋನು ಬಂತು. ಮರಿಯಮ್ಮನಹಳ್ಳಿಯ ಹತ್ತಿರ ಹಿರಿಯರೊಬ್ಬರು ತಮ್ಮ ಗಾಡಿ ಕೊಡುವವರಿದ್ದಾರೆ, ಮಕ್ಕಳು ಬೆಂಗಳೂರು ಸೇರಿದ್ದಾರೆ ಎಂದು. ಮರುದಿನ ಬೆಳಗಿನ ಜಾವವೇ ಹೋದೆವು. 2012ರ ಮಾಡೆಲ್. ಬಣ್ಣ ಮಾಸಿತ್ತು, ಬಾಗಿಲಿನ ಗಾಜು ಇರಲಿಲ್ಲ. ನಾವು ಕೇಳುವ ಮೊದಲೇ ಅವರು ದೋಷಗಳ ಪಟ್ಟಿ ಒಪ್ಪಿಸಿದರು. "ಕಿಂಗ್‌ಪೋಸ್ಟ್ ಬುಷ್ ಹೋಗ್ಯಾವು. ಮುಂದಿನ ಎಡಗಡೆ ಟಯರ್ ಬದಲಿ ಮಾಡಬೇಕು. ಮಳಿಗಾಲದಾಗ ಸ್ಟಾರ್ಟರ್ ಕೈ ಕೊಡ್ತೈತಿ. ಪಂಪು, ಎಂಜಿನ್ ಚಲೋ ಅದಾವು."

ಉಸ್ತಾದ್ ಅಂಗೈ ಇಟ್ಟರು. ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ಎರಡನೇ ತಿರುವಿಗೆ ಎದ್ದಿತು. ಮುಂದಿನ ಬಕೆಟ್ಟನ್ನೂ ಹಿಂದಿನ ಕಾಲುಗಳನ್ನೂ ನೆಲಕ್ಕೆ ಒತ್ತಿ, ಏಳೂವರೆ ಟನ್ನಿನ ಯಂತ್ರವನ್ನು ಚಕ್ರ ಸಮೇತ ಮೇಲೆತ್ತಿ ನಿಲ್ಲಿಸಿ ಎಂಜಿನ್ ಆರಿಸಿದರು. ಒಳಗೆ ಎಲ್ಲಾದರೂ ಆಯಿಲ್ ಜಾರುತ್ತಿದ್ದರೆ ಯಂತ್ರ ಮೆಲ್ಲಗೆ ಕುಸಿಯುತ್ತದೆ. ಕಾಲು ಗಂಟೆ ನಾವೆಲ್ಲ ನೋಡುತ್ತಾ ನಿಂತೆವು. ಕುಸಿಯಲಿಲ್ಲ. ಆಮೇಲೆ ಹುಡುಗ ಬೂಮನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಅವರು ಹೇಳಿದಂತೆಯೇ ಬುಡದಲ್ಲಿ ಕಟಕಟ ಸದ್ದು ಬಂತು.

ಆರೂ ಮುಕ್ಕಾಲು ಎಂದವರು ಆರು ಲಕ್ಷದ ಹತ್ತು ಸಾವಿರಕ್ಕೆ ಒಪ್ಪಿದರು. ಬುಷ್, ಟಯರ್, ಸ್ಟಾರ್ಟರಿಗೆ ಎಪ್ಪತ್ತು ಸಾವಿರ, ವಿಮೆ ಮತ್ತು ವರ್ಗಾವಣೆಗೆ ಇಪ್ಪತ್ತು ಸಾವಿರ ಎಂದು ನಾನು ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. ಸರಿಯಾಗಿ ಏಳು ಲಕ್ಷ. ಹಣ ಎಣಿಸಿಕೊಂಡ ಮೇಲೆ ಆ ಹಿರಿಯರು ಹುಡುಗನ ಭುಜದ ಮೇಲೆ ಕೈಯಿಟ್ಟು, "ತಮ್ಮಾ, ನಿನ್ನ ಹೊಟ್ಟಿಗೆ ತಡ ಆದ್ರೂ ಅಡ್ಡಿಯಿಲ್ಲ. ದಿನಾ ಮುಂಜಾನೆ ಪಿನ್ನಿಗೆ ಗ್ರೀಸ್ ಹಾಕೋದು ಬಿಡಬ್ಯಾಡ" ಎಂದರು. ನಾವು ಹೊರಟಾಗ ಅವರು ಬಾಗಿಲ ತನಕ ಬರಲಿಲ್ಲ. ಹಟ್ಟಿಯ ಎತ್ತು ಮಾರಿದ ದಿನ ನಮ್ಮಪ್ಪನೂ ಹಾಗೆಯೇ ಒಳಗೆ ಕೂತಿದ್ದ.

ಜೆಸಿಬಿ ಎಷ್ಟು ಓಡಿಸಿದರೂ ಗಂಟೆಗೆ ನಲವತ್ತು ಕಿಲೋಮೀಟರಿನ ಮೇಲೆ ಹೋಗುವುದಿಲ್ಲ. ನಮ್ಮ ಹುಡುಗ ಇಪ್ಪತ್ತೈದು ದಾಟಿಸಲಿಲ್ಲ. ನಾನು, ಉಸ್ತಾದ್ ಬಸ್ಸಿನಲ್ಲಿ ಮುಂದೆ ಬಂದೆವು. ಅವನು ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಾಯಿ ಒಡೆದಳು. ಯಂತ್ರವನ್ನು ಒಂದು ಸುತ್ತು ನೋಡಿ, "ಇಷ್ಟು ಹಳೇದಾ?" ಎಂದಳು. ಯಾರೂ ಉತ್ತರ ಕೊಡಲಿಲ್ಲ.

ರಿಪೇರಿ ಮುಗಿದ ಮೇಲೆ ಮೊದಲ ಕೆಲಸ ನಮ್ಮ ಹೊಲದ್ದೇ, ಬದುವಿನ ಪಕ್ಕದ ಕಾಲುವೆ. ಅದಕ್ಕೆ ಬಾಡಿಗೆ ಇಲ್ಲ. ಆದರೂ ಹುಡುಗ ತಂಗಿಯನ್ನು ಕರೆದು ಮೀಟರ್ ನೋಡಿ ಬರೆದಿಡಲು ಹೇಳಿದ. ಅವಳು ರಸಾಯನಶಾಸ್ತ್ರದ ನೋಟಿನ ಕೊನೆಯ ಹಾಳೆ ತಿರುಗಿಸಿ ಗೆರೆ ಎಳೆದಳು: ತಾರೀಕು, ಅವರ್, ಡೀಸೆಲ್, ಬಾಕಿ. "ಇನ್ನೊಂದು ಗೆರಿ ಎಳಿ" ಎಂದ ಅವನು. "ಮಳಿಗಾಲಕ್ಕ ಅಂತ ಬರಿ. ದಿನಾ ಒಂದಿಷ್ಟು ಅದರಾಗ ಹಾಕೂಣು."