ಬರಬೇಕಾದುದು, ಬಂದುದು

ಕೊಯಮತ್ತೂರು ಸೀಮೆಯ ದೇವಾಂಗರ ಮನೆಗಳಲ್ಲಿ ಕನ್ನಡವು ಆಡುನುಡಿಯಾಗಿ ಉಳಿದಿದೆ. ಮಕ್ಕಳ ಓದುಬರಹವೆಲ್ಲ ತಮಿಳು, ಇಂಗ್ಲಿಷುಗಳಲ್ಲಿ. ಆದುದರಿಂದ ಪೆರಿಯನಾಯಕನಪಾಳ್ಯದ ನಮ್ಮ ಮನೆಯಲ್ಲಿ ಮಗಳು ರಸಾಯನಶಾಸ್ತ್ರದ ಇಳುವರಿಯ ಲೆಕ್ಕವನ್ನು ಮನೆಮಾತಿನಲ್ಲಿಯೇ ತಿಳಿಸಬೇಕೆಂದು ಕೇಳಿದಾಗ, ಈ ಮಾತಿಗೆ ಅಷ್ಟು ಕಸುವುಂಟೇ ಎಂಬ ಅಳುಕು ನಮ್ಮನ್ನು ಕಾಡಿತು.

ಮದುಕ್ಕರೈಯ ಸುಣ್ಣಕಲ್ಲನ್ನು ಈ ಸೀಮೆಯವರಾರು ಅರಿಯರು? ಅದನ್ನೇ ಎತ್ತಿಕೊಂಡೆವು. ಶುದ್ಧವಾದ 100 ಗ್ರಾಂ ಕಲ್ಲನ್ನು ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ನಿಲ್ಲುತ್ತದೆ. 500 ಗ್ರಾಂ ಕಲ್ಲಿಗೆ ಬರಬೇಕಾದುದು 280 ಗ್ರಾಂ. ಇಳುವರಿ ಶೇಕಡಾ 85 ಎಂದರೆ, ಬಂದುದು ಆ 280ರಲ್ಲಿ ಶೇಕಡಾ 85. ಅಂದರೆ 238 ಗ್ರಾಂ. ಶೇಕಡಾವನ್ನು 500ರ ಮೇಲೆಯೇ ಹಿಡಿದರೆ 425 ಬರುತ್ತದೆ. ಒಂದು ಚೂರೂ ನಷ್ಟವಾಗದಿದ್ದರೂ ದೊರೆಯದಷ್ಟು ಸುಣ್ಣ! ಹಾರಿಹೋದ ಅನಿಲವನ್ನು ನಷ್ಟದ ಬಾಬತ್ತಿಗೆ ಸೇರಿಸುವಂತಿಲ್ಲ. ಅದರ ಪಾಲು 280ನ್ನು ಕಟ್ಟುವಾಗಲೇ ಕಳೆದಾಗಿದೆ. 'ಬರಬೇಕಾದುದು', 'ಬಂದುದು' ಎಂಬ ಎರಡು ಮನೆಮಾತುಗಳೇ ಇಷ್ಟಕ್ಕೂ ಸಾಕಾದವು.

ಕಡಿಮೆಬಿದ್ದ 42 ಗ್ರಾಂ ಎಲ್ಲಿ ಹೋಯಿತೆಂದು ಅವಳು ಬಿಡದೆ ಕೇಳಿದಳು. ಬೆಂಕಿಯು ಒಳಗಿನವರೆಗೆ ಮುಟ್ಟದೆ 75 ಗ್ರಾಂ ಕಲ್ಲು ಕಲ್ಲಾಗಿಯೇ ಉಳಿದಿದ್ದರೆ ಲೆಕ್ಕ ಸರಿಹೋಗುತ್ತದೆ. ನೀರೆರೆದಾಗ ಅರಳದೆ ತಳದಲ್ಲಿ ಕೂರುವ ಗಟ್ಟಿ ತುಂಡುಗಳು ಅವೇ.